ಕೋವಿಡ್ ನಂತರವೂ ಎದೆ ಡವಡವ, ಏದುಸಿರು: ವ್ಯಾಯಾಮ ಮಾಡಬಹುದೇ? ಫೋನ್ ಮೂಲಕ ಎಷ್ಟು ಚಿಕಿತ್ಸೆ ಸಾಧ್ಯ?

ವಾಟ್ಸಾಪ್‌ನಲ್ಲಿ ಒಂದಕ್ಕೊಂದು ತದ್ವಿರುದ್ಧವಾದ ಎರಡು ಬಗೆಯ ಸಂದೇಶಗಳು ಹರಿದಾಡುತ್ತಿವೆ. ಒಂದರ ಪ್ರಕಾರ, ಕೋವಿಡ್ ಬಂದವರು ಎರಡು ವರ್ಷ ವ್ಯಾಯಾಮ ಮಾಡಲೇಬಾರದು, ಮಾಡಿದರೆ ಹೃದಯಾಘಾತ ಖಚಿತ. ಇನ್ನೊಂದರ ಪ್ರಕಾರ, ಸುಸ್ತು ಎಂದು ಮಲಗಿದರೆ ಇನ್ನಷ್ಟು ಸುಸ್ತು, ಹಠ ಹಿಡಿದು ದಿನಾ ಹತ್ತು ಸಾವಿರ ಹೆಜ್ಜೆ ಹಾಕಿದರೆ ಎಲ್ಲವೂ ಸರಿಹೋಗುತ್ತದೆ.

ಈ ಎರಡೂ ಸಂದೇಶಗಳು ತಲುಪುವುದು ಒಬ್ಬರಿಗೇ. ಜ್ವರ ಬಿಟ್ಟು ತಿಂಗಳುಗಳೇ ಕಳೆದರೂ ಅವರಿಗೆ ಎರಡು ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಮೊದಲ ಸಂದೇಶ ನಂಬಿದರೆ ಹಾಸಿಗೆ ಹಿಡಿಯುತ್ತಾರೆ, ಎರಡನೆಯದನ್ನು ನಂಬಿದರೆ ಮೈಮೇಲೆ ಎಳೆದುಕೊಂಡು ಮತ್ತೆ ಕುಸಿಯುತ್ತಾರೆ. ಹಾಗಾಗಿ ಈ ವಿಷಯದಲ್ಲಿ ಅಧ್ಯಯನಗಳು ಏನು ಹೇಳುತ್ತವೆ, ಮನೆಯಲ್ಲೇ ಕುಳಿತು ಫೋನ್ ಮೂಲಕ ಏನು ಮಾಡಬಹುದು, ಯಾವುದಕ್ಕೆ ಆಸ್ಪತ್ರೆಗೆ ಹೋಗಲೇಬೇಕು ಎಂಬುದನ್ನು ನಾವು ಇಲ್ಲಿ ವಿವರಿಸಿದ್ದೇವೆ.

ಸಂಕ್ಷಿಪ್ತ ಉತ್ತರ

ಎರಡೂ ಸಂದೇಶಗಳು ತಪ್ಪು. ಮೊದಲು ಒಮ್ಮೆ ವೈದ್ಯರನ್ನು ನೇರವಾಗಿ ಕಂಡು ಹೃದಯದಲ್ಲಿ ಅಪಾಯವಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಸಣ್ಣ ಪ್ರಮಾಣದ ವ್ಯಾಯಾಮ ಶುರುಮಾಡಿ, ಮರುದಿನ ದೇಹ ಹೇಗಿದೆ ಎಂದು ನೋಡಿಕೊಂಡು ಮುಂದುವರಿಯಬೇಕು. ಈ ಎರಡನೆಯ ಭಾಗವನ್ನು ಫೋನ್ ಮೂಲಕ ಚೆನ್ನಾಗಿ ಮಾಡಬಹುದು. ಮೊದಲ ಭಾಗವನ್ನು ಫೋನ್ ಮಾಡಲಾರದು.

ಇದು ನಿಜವಾದ ತೊಂದರೆಯೇ, ಮನಸ್ಸಿನ ಭಯವೇ?

ನಿಜವಾದ ತೊಂದರೆಯೇ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಇದಕ್ಕೊಂದು ವ್ಯಾಖ್ಯಾನ ಕೊಟ್ಟಿದೆ. ಸಾಮಾನ್ಯವಾಗಿ ಕೋವಿಡ್ ಶುರುವಾಗಿ ಮೂರು ತಿಂಗಳ ಹೊತ್ತಿಗೆ ಇರುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳನ್ನು ಅದು ಕೋವಿಡ್ ನಂತರದ ಸ್ಥಿತಿ ಎಂದು ಕರೆಯುತ್ತದೆ. ಜನಬಳಕೆಯಲ್ಲಿ ಇದೇ ಲಾಂಗ್ ಕೋವಿಡ್. ಕೋವಿಡ್ ಮಾತ್ರವಲ್ಲ, ಡೆಂಗಿ, ಫ್ಲೂನಂತಹ ಜ್ವರಗಳ ನಂತರವೂ ಕೆಲವರಲ್ಲಿ ಸುಸ್ತು ವಾರಗಟ್ಟಲೆ ಉಳಿಯುತ್ತದೆ.

ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಂಶೋಧಕರು, ಮೊದಲು ಹೃದಯದ ಕಾಯಿಲೆ ಇಲ್ಲದ, ಕೋವಿಡ್ ಲಘುವಾಗಿ ಬಂದುಹೋಗಿದ್ದ 346 ಜನರನ್ನು ಪರೀಕ್ಷಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಮೂರೂವರೆ ತಿಂಗಳ ನಂತರ ಅವರಲ್ಲಿ 73 ಶೇಕಡಾ ಜನರಿಗೆ ಎದೆಬಡಿತ, ಏದುಸಿರು, ಎದೆನೋವಿನಂತಹ ಲಕ್ಷಣಗಳಿದ್ದವು. ಸುಮಾರು 11 ತಿಂಗಳ ನಂತರ 57 ಶೇಕಡಾ ಜನರಲ್ಲಿ ಲಕ್ಷಣಗಳು ಉಳಿದಿದ್ದವು. ಆದರೆ ಇವರಲ್ಲಿ ಹೃದಯದ ರಚನೆಗೇ ದೊಡ್ಡ ಹಾನಿಯಾದವರು ವಿರಳ. ಇದು ಒಂದೇ ಕೇಂದ್ರದ ಅಧ್ಯಯನ, ಹಾಗಾಗಿ ಕೋವಿಡ್ ಬಂದ ಎಲ್ಲರಲ್ಲೂ ಇಷ್ಟೇ ಪ್ರಮಾಣ ಎಂದು ಹೇಳುವಂತಿಲ್ಲ. ಆದರೆ "ಇಸಿಜಿ ನಾರ್ಮಲ್ ಇದೆ, ಎಲ್ಲಾ ನಿನ್ನ ಮನಸ್ಸಿನದು" ಎಂದು ಮನೆಯವರು ಹೇಳುವ ಮಾತು ಸರಿಯಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಲಕ್ಷಣ ಒಂದೇ, ಕಾರಣ ಬೇರೆ ಬೇರೆ

"ಎದೆ ಡವಡವ" ಎಂಬ ಒಂದೇ ಲಕ್ಷಣದ ಹಿಂದೆ ಕನಿಷ್ಠ ನಾಲ್ಕು ಬಗೆಯ ಕಾರಣಗಳಿರಬಹುದು. ಒಂದೇ ವ್ಯಾಯಾಮ ಎಲ್ಲರಿಗೂ ಹೊಂದದಿರುವುದು ಇದರಿಂದಲೇ.

ಒಂದು, ಹೃದಯದ ಸ್ನಾಯುವಿನ ಅಥವಾ ಹೃದಯದ ಹೊರಪದರದ ಉರಿಯೂತ. ಇದು ಕಡಿಮೆ ಜನರಲ್ಲಿ ಬರುತ್ತದೆ, ಆದರೆ ಅಪಾಯ ಇರುವುದು ಇಲ್ಲೇ. ಉರಿಯೂತ ಇರುವಾಗ ಓಡುವುದು, ಭಾರ ಎತ್ತುವುದು ಹೃದಯದ ಲಯ ತಪ್ಪಿಸಬಹುದು. ಹೃದಯ ಸ್ನಾಯುವಿನ ಉರಿಯೂತ ಪತ್ತೆಯಾದವರಿಗೆ ವೈದ್ಯರು ಸಾಮಾನ್ಯವಾಗಿ 3ರಿಂದ 6 ತಿಂಗಳು ಕಠಿಣ ವ್ಯಾಯಾಮ ಬೇಡ ಎನ್ನುತ್ತಾರೆ, ನಂತರ ಮತ್ತೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುತ್ತಾರೆ.

ಎರಡು, ನರಗಳ ನಿಯಂತ್ರಣ ತಪ್ಪುವುದು. ನಾವು ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಆಗ ರಕ್ತನಾಳಗಳನ್ನು ಬಿಗಿ ಮಾಡಿ ರಕ್ತವನ್ನು ಮೇಲಕ್ಕೆ ಕಳಿಸುವ ಕೆಲಸ ನಮಗೆ ಗೊತ್ತಿಲ್ಲದೆಯೇ ನಡೆಯುತ್ತದೆ. ವೈರಸ್ ಸೋಂಕಿನ ನಂತರ ಕೆಲವರಲ್ಲಿ ಈ ವ್ಯವಸ್ಥೆ ಹದ ತಪ್ಪುತ್ತದೆ. ಅದನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿಯುತ್ತದೆ. ವೈದ್ಯರು ಇದನ್ನು ಪಾಟ್ಸ್ ಎಂದು ಕರೆಯುತ್ತಾರೆ. ಇದರಲ್ಲಿ ಇಸಿಜಿ, ಎಕೋ ಎರಡೂ ಸರಿಯಾಗಿಯೇ ಬರಬಹುದು.

ಮೂರು, ದೀರ್ಘಕಾಲ ಮಲಗಿದ್ದರಿಂದ ಬರುವ ನಿಶ್ಶಕ್ತಿ. ಕೆಲವೇ ವಾರ ಹಾಸಿಗೆಯಲ್ಲಿದ್ದರೂ ಕಾಲಿನ ಸ್ನಾಯು ಕರಗುತ್ತದೆ. ಆಮೇಲೆ ಸಣ್ಣ ಕೆಲಸಕ್ಕೂ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ.

ನಾಲ್ಕು, ವೈರಸ್‌ಗೆ ಸಂಬಂಧವೇ ಇಲ್ಲದ ಕಾರಣಗಳು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಇದೇ ಲಕ್ಷಣ ಬರುತ್ತದೆ. ನಮ್ಮಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ರಕ್ತಹೀನತೆ ತುಂಬಾ ಸಾಮಾನ್ಯ. ಒಂದು ಸರಳ ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದನ್ನು ಲಾಂಗ್ ಕೋವಿಡ್ ಎಂದುಕೊಂಡು ವರ್ಷಗಟ್ಟಲೆ ಹೊತ್ತು ತಿರುಗಬಾರದು.

"ಎರಡು ವರ್ಷ ವ್ಯಾಯಾಮ ಬೇಡ": ಈ ಮಾತು ಎಲ್ಲಿಂದ ಬಂತು?

2023ರ ಅಕ್ಟೋಬರ್‌ನಲ್ಲಿ ನವರಾತ್ರಿಯ ಸಮಯದಲ್ಲಿ ಗುಜರಾತ್‌ನಲ್ಲಿ ಗರ್ಬಾ ನೃತ್ಯ ಮಾಡುವಾಗ ಕೆಲವರು ಹಠಾತ್ತಾಗಿ ಮೃತಪಟ್ಟ ಸುದ್ದಿಗಳು ಬಂದವು. ಆಗ ಕೇಂದ್ರ ಆರೋಗ್ಯ ಸಚಿವರಾಗಿದ್ದ ಮನ್ಸುಖ್ ಮಾಂಡವಿಯಾ ಅವರು ಐಸಿಎಂಆರ್ ಅಧ್ಯಯನವನ್ನು ಉಲ್ಲೇಖಿಸಿ, ತೀವ್ರ ಕೋವಿಡ್ ಬಂದಿದ್ದವರು ಒಂದೆರಡು ವರ್ಷ ಅತಿಯಾದ ಶ್ರಮ, ಓಟ, ಕಠಿಣ ವ್ಯಾಯಾಮದಿಂದ ದೂರವಿರಬೇಕು ಎಂಬ ಅರ್ಥದಲ್ಲಿ ಮಾತನಾಡಿದರು. ಫಾರ್ವರ್ಡ್ ಆಗುತ್ತಾ ಆಗುತ್ತಾ "ತೀವ್ರ ಕೋವಿಡ್" ಹೋಗಿ "ಕೋವಿಡ್" ಆಯಿತು, "ಕಠಿಣ ವ್ಯಾಯಾಮ" ಹೋಗಿ "ವ್ಯಾಯಾಮ" ಆಯಿತು.

ಆ ಅಧ್ಯಯನ ಏನು ಹೇಳುತ್ತದೆ ಎಂದು ನೋಡೋಣ. ದೇಶದ 47 ಆಸ್ಪತ್ರೆಗಳಲ್ಲಿ ನಡೆದ ಇದು, 18ರಿಂದ 45 ವರ್ಷದ, ಮೊದಲು ಆರೋಗ್ಯವಾಗಿದ್ದು ಹಠಾತ್ತಾಗಿ ಮೃತಪಟ್ಟ 729 ಜನರ ವಿವರವನ್ನು ಬದುಕಿರುವ 2,916 ಜನರ ಜೊತೆ ಹೋಲಿಸಿತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಧೂಮಪಾನ, ಸಾವಿಗೆ ಮೊದಲಿನ 48 ಗಂಟೆಗಳಲ್ಲಿ ವಿಪರೀತ ಮದ್ಯಪಾನ ಅಥವಾ ತೀವ್ರ ದೈಹಿಕ ಶ್ರಮ, ಇವುಗಳಿಗೂ ಹಠಾತ್ ಸಾವಿಗೂ ನಂಟು ಕಂಡಿತು. ಕೋವಿಡ್ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು.

ನಡೆಯಬೇಡಿ, ಮೆಟ್ಟಿಲು ಹತ್ತಬೇಡಿ, ಮನೆಗೆಲಸ ಮಾಡಬೇಡಿ ಎಂದು ಈ ಅಧ್ಯಯನ ಎಲ್ಲೂ ಹೇಳಿಲ್ಲ. ಆಸ್ಪತ್ರೆ ಸೇರುವಷ್ಟು ತೀವ್ರ ಕೋವಿಡ್ ಬಂದಿದ್ದವರು ತಪಾಸಣೆ ಮಾಡಿಸಿಕೊಳ್ಳದೆ ಒಮ್ಮೆಲೇ ಜಿಮ್, ಮ್ಯಾರಥಾನ್‌ಗೆ ಧುಮುಕಬಾರದು ಎಂಬ ಎಚ್ಚರಿಕೆ ಮಾತ್ರ ಇದರಿಂದ ತೆಗೆದುಕೊಳ್ಳಬಹುದು.

ಇವಿದ್ದರೆ ಫೋನ್ ಸಮಾಲೋಚನೆ ಬೇಡ, ನೇರ ಆಸ್ಪತ್ರೆ

- ಶ್ರಮ ಮಾಡಿದಾಗ ಎದೆಯಲ್ಲಿ ಒತ್ತಿದಂತೆ ಅಥವಾ ಬಿಗಿದಂತೆ ನೋವು. ಅದು ಕೈ, ಭುಜ, ದವಡೆಗೆ ಹರಡುವುದು
- ಪ್ರಜ್ಞೆ ತಪ್ಪಿ ಬೀಳುವುದು, ಮುಖ್ಯವಾಗಿ ನಡೆಯುವಾಗ ಅಥವಾ ಓಡುವಾಗ
- ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಮಲಗಲು ಆಗದಿರುವುದು
- ಎದೆಬಡಿತ ಲಯ ತಪ್ಪಿ ಬಡಿಯುವುದು, ವಿಶ್ರಾಂತಿ ಪಡೆದರೂ ಇಳಿಯದಿರುವುದು
- ಎರಡೂ ಕಾಲು ಊದುವುದು, ಅಥವಾ ಒಂದೇ ಕಾಲು ಊದಿ ನೋಯುವುದು
- ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದು, ಈಗ ನಿಮಗೂ ಲಕ್ಷಣಗಳಿರುವುದು

ಎದೆನೋವು ಈಗ ನಡೆಯುತ್ತಿದ್ದರೆ 108ಕ್ಕೆ ಕರೆ ಮಾಡಿ. ದೊಡ್ಡ ಊರಿಗೆ ಹೋಗಿಯೇ ತೋರಿಸಬೇಕು ಎಂದು ಕಾಯಬೇಡಿ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಸಲಹೆ ಕೊಡುವ ವ್ಯವಸ್ಥೆ ಇದೆ. ಹೃದಯಾಘಾತ ಎಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೂಡ ಅಲ್ಲೇ ಉಚಿತವಾಗಿ ಸಿಗುತ್ತದೆ.

ತುರ್ತು ಲಕ್ಷಣಗಳು ಇಲ್ಲದಿದ್ದರೂ, ವ್ಯಾಯಾಮ ಶುರುಮಾಡುವ ಮೊದಲು ಒಮ್ಮೆ ನೇರವಾಗಿ ತೋರಿಸಿ. ಬಿಪಿ, ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ವೈದ್ಯರು ಹೇಳಿದರೆ ಎಕೋ, ಟ್ರೊಪೋನಿನ್ ರಕ್ತಪರೀಕ್ಷೆಯನ್ನೂ ಮಾಡಿಸಿ.

ಮನೆಯಲ್ಲೇ ಮಾಡಬಹುದಾದ 10 ನಿಮಿಷದ ಪರೀಕ್ಷೆ

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದು ನಾಡಿಬಡಿತವನ್ನೂ ತೋರಿಸುತ್ತದೆ. ಐದು ನಿಮಿಷ ಅಲ್ಲಾಡದೆ ಮಲಗಿ, ನಾಡಿ ಎಷ್ಟಿದೆ ಬರೆದುಕೊಳ್ಳಿ. ನಂತರ ಎದ್ದು ಗೋಡೆಗೆ ಒರಗಿ ನಿಂತು 1, 3, 5, 10ನೇ ನಿಮಿಷಕ್ಕೆ ಮತ್ತೆ ಬರೆದುಕೊಳ್ಳಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಹತ್ತಿರ ಕುರ್ಚಿ ಇರಲಿ. ತಲೆ ಸುತ್ತಿದರೆ ತಕ್ಷಣ ಕೂತುಬಿಡಿ. ಮೊದಲೇ ಪ್ರಜ್ಞೆ ತಪ್ಪಿ ಬಿದ್ದವರು ಇದನ್ನು ಮನೆಯಲ್ಲಿ ಮಾಡಬಾರದು.

ದೊಡ್ಡವರಲ್ಲಿ ನಿಂತ 10 ನಿಮಿಷದೊಳಗೆ ನಾಡಿಬಡಿತ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೇ ಉಳಿದರೆ, ಬಿಪಿ ಹೆಚ್ಚು ಇಳಿಯದೇ ಇದ್ದರೆ, ಮತ್ತು ಇಂತಹ ಲಕ್ಷಣಗಳು ತಿಂಗಳುಗಳಿಂದ ಇದ್ದರೆ ವೈದ್ಯರು ಪಾಟ್ಸ್ ಬಗ್ಗೆ ಯೋಚಿಸುತ್ತಾರೆ. 12ರಿಂದ 19 ವರ್ಷದವರಲ್ಲಿ ಈ ಮಿತಿ 40. ನೀರು ಕಡಿಮೆ ಕುಡಿದಿದ್ದರೆ, ಜ್ವರ ಅಥವಾ ರಕ್ತಹೀನತೆ ಇದ್ದರೆ ಕೂಡ ಹೀಗೆ ಆಗಬಹುದು. ಆದ್ದರಿಂದ ಇದು ನೀವೇ ಕಾಯಿಲೆಯ ಹೆಸರು ಇಟ್ಟುಕೊಳ್ಳುವ ಪರೀಕ್ಷೆಯಲ್ಲ, ವೈದ್ಯರಿಗೆ ತೋರಿಸಲು ಒಂದು ಚೀಟಿ.

ದೂರದಿಂದ ಮಾಡಿಸಿದ ವ್ಯಾಯಾಮದಿಂದ ಉಪಯೋಗವಿದೆಯೇ?

ಇದೆ, ಆದರೆ ಮಿತಿಯೊಂದಿಗೆ. ಎರಡು ಪ್ರಯೋಗಗಳನ್ನು ನೋಡೋಣ.

ಚೀನಾದಲ್ಲಿ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಏದುಸಿರು ಉಳಿದಿದ್ದ 120 ಜನರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆರು ವಾರ ಸ್ಮಾರ್ಟ್‌ಫೋನ್ ಆ್ಯಪ್ ಮೂಲಕ ಉಸಿರಾಟದ ಅಭ್ಯಾಸ, ನಡಿಗೆಯಂತಹ ವ್ಯಾಯಾಮ, ಕಾಲಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿಸಿದರು. ಎದೆಗೆ ಕಟ್ಟಿದ ಸಾಧನದಿಂದ ಎದೆಬಡಿತವನ್ನು ದೂರದಿಂದಲೇ ಗಮನಿಸಿದರು. ಕೊನೆಗೆ ಆರು ನಿಮಿಷದಲ್ಲಿ ನಡೆಯಬಲ್ಲ ದೂರದಲ್ಲಿ ಈ ಗುಂಪು ಇನ್ನೊಂದಕ್ಕಿಂತ ಸುಮಾರು 65 ಮೀಟರ್ ಮುಂದಿತ್ತು.

ಬ್ರಿಟನ್‌ನಲ್ಲಿ ನಡೆದ ರೀಗೇನ್ ಎಂಬ ಪ್ರಯೋಗದ ಫಲಿತಾಂಶ 2024ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಕನಿಷ್ಠ ಮೂರು ತಿಂಗಳಾದರೂ ತೊಂದರೆ ಉಳಿದಿದ್ದ 585 ಜನ ಇದರಲ್ಲಿದ್ದರು. ಅವರಲ್ಲಿ ಒಂದು ಗುಂಪಿಗೆ ಎಂಟು ವಾರ ಆನ್‌ಲೈನ್‌ನಲ್ಲಿ ತರಬೇತುದಾರರ ಕಣ್ಣೆದುರೇ ವ್ಯಾಯಾಮ ಮತ್ತು ಮಾನಸಿಕ ಬೆಂಬಲ ಕೊಡಲಾಯಿತು. ಇನ್ನೊಂದು ಗುಂಪಿಗೆ ಒಂದು ಬಾರಿ ಸಲಹೆ ಮಾತ್ರ. ಮೊದಲ ಗುಂಪಿನ ಜೀವನಗುಣಮಟ್ಟ ಸುಧಾರಿಸಿತು, ಒಂದು ವರ್ಷದ ನಂತರವೂ ಆ ಸುಧಾರಣೆ ಉಳಿದಿತ್ತು. ಸುಧಾರಣೆ ಸಣ್ಣದು, ಆದರೆ ನಿಜ.

ಎರಡೂ ಪ್ರಯೋಗಗಳಲ್ಲಿ ಇದ್ದವರು ಆಸ್ಪತ್ರೆ ಸೇರಿ ಬಂದವರು. ಮನೆಯಲ್ಲೇ ಕೋವಿಡ್ ಕಳೆದು ಆಮೇಲೆ ತೊಂದರೆ ಶುರುವಾದವರಿಗೆ ಇದೇ ಫಲ ಸಿಗುತ್ತದೆ ಎಂದು ಇವುಗಳಿಂದ ಹೇಳಲಾಗದು.

ವ್ಯಾಯಾಮವೇ ತಿರುಗುಬಾಣವಾಗುವುದು ಯಾರಿಗೆ?

ಕೆಲವರಿಗೆ ಶ್ರಮ ಮಾಡಿದ ಹೊತ್ತಿನಲ್ಲಿ ಏನೂ ಅನಿಸುವುದಿಲ್ಲ. ಆದರೆ 12ರಿಂದ 48 ಗಂಟೆಯ ನಂತರ ಪೂರ್ತಿ ಕುಸಿದುಹೋಗುತ್ತಾರೆ. ಮೈಕೈ ನೋವು, ತಲೆ ಮಂಕು, ನಿದ್ದೆ ಮಾಡಿದರೂ ಹೋಗದ ಸುಸ್ತು ದಿನಗಟ್ಟಲೆ ಕಾಡುತ್ತದೆ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂತಹ 25 ಜನರನ್ನೂ 21 ಆರೋಗ್ಯವಂತರನ್ನೂ ಸೈಕಲ್ ತುಳಿಸಿ, ಮೊದಲು ಮತ್ತು ನಂತರ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ತೊಂದರೆ ಇದ್ದವರ ಸ್ನಾಯುವಿನಲ್ಲಿ ಶ್ರಮದ ನಂತರ ಹಾನಿ ಹೆಚ್ಚಿತ್ತು, ಶಕ್ತಿ ಉತ್ಪಾದಿಸುವ ಸಾಮರ್ಥ್ಯ ಇಳಿದಿತ್ತು. 2024ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ಇಂತಹವರನ್ನು "ಸೋಮಾರಿ" ಎಂದು ಕರೆಯಲು ಯಾವ ಆಧಾರವೂ ಇಲ್ಲ.

ಇಂತಹವರಿಗೆ ವಾರ ವಾರ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಪದ್ಧತಿ ಬೇಡ. ಇರುವ ಶಕ್ತಿಯನ್ನು ಹಂಚಿಕೊಂಡು ಬಳಸುವುದೇ ಅವರ ಚಿಕಿತ್ಸೆ. ಚೆನ್ನಾಗಿದ್ದ ದಿನ ಬಾಕಿ ಇರುವ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಲು ಹೋಗಬಾರದು.

ಹಾಗಾದರೆ ಹೇಗೆ ಶುರುಮಾಡುವುದು?

ವೈದ್ಯರು ಒಪ್ಪಿದ ಮೇಲೆ ಈ ಕ್ರಮ ಅನುಸರಿಸಬಹುದು.

1. ಮಲಗಿ ಅಥವಾ ಕುಳಿತು ಆರಂಭಿಸಿ. ನಿಂತರೆ ಎದೆಬಡಿತ ಏರುವವರು ಮಲಗಿಕೊಂಡು ಕಾಲು ಎತ್ತಿ ಇಳಿಸುವುದು, ಕುರ್ಚಿಯಲ್ಲಿ ಕುಳಿತು ಕಾಲು ಚಾಚುವುದು ಮಾಡಲಿ. ನಡಿಗೆ ಆಮೇಲೆ.
2. ಮಾತಿನ ಪರೀಕ್ಷೆ. ವ್ಯಾಯಾಮದ ನಡುವೆ ಒಂದು ಪೂರ್ತಿ ವಾಕ್ಯವನ್ನು ಉಸಿರುಗಟ್ಟದೆ ಹೇಳಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ.
3. ಮರುದಿನದ ಪರೀಕ್ಷೆ. ಇಂದು 5 ನಿಮಿಷ ಮಾಡಿ, ನಾಳೆ ಮತ್ತು ನಾಳಿದ್ದು ಹೇಗಿದೆ ನೋಡಿ. ಕುಸಿತ ಕಂಡರೆ ಅರ್ಧಕ್ಕೆ ಇಳಿಸಿ.
4. ಒಂದು ಹಂತದಲ್ಲಿ ಕನಿಷ್ಠ 7 ದಿನ. ವಿಶ್ವ ಆರೋಗ್ಯ ಸಂಸ್ಥೆಯ ಸ್ವಯಂ ಆರೈಕೆ ಕೈಪಿಡಿ ಹೇಳುವುದು ಇದನ್ನೇ: ಒಂದು ಹಂತದಲ್ಲಿ ಏಳು ದಿನ ಉಳಿದು ಮುಂದೆ ಹೋಗಿ, ಲಕ್ಷಣ ಹೆಚ್ಚಾದರೆ ಒಂದು ಹಂತ ಹಿಂದಕ್ಕೆ ಬನ್ನಿ.
5. ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ. ನೀರು ಹೊರುವುದು, ಬಟ್ಟೆ ಒಗೆಯುವುದು, ನಿಂತು ಅಡುಗೆ ಮಾಡುವುದು ಎಲ್ಲವೂ ಶ್ರಮವೇ. ಆ ದಿನ ಇವು ಹೆಚ್ಚಾಗಿದ್ದರೆ ವ್ಯಾಯಾಮ ಬಿಡಿ. ತರಕಾರಿಯನ್ನು ಕುಳಿತು ಹೆಚ್ಚಿ.
6. ಬಿಸಿ ತಪ್ಪಿಸಿ. ತುಂಬಾ ಬಿಸಿ ನೀರಿನ ಸ್ನಾನದಿಂದ ರಕ್ತನಾಳ ಹಿಗ್ಗಿ ತಲೆಸುತ್ತು ಬರಬಹುದು. ಉಗುರುಬೆಚ್ಚಗಿನ ನೀರಲ್ಲಿ, ಸ್ಟೂಲ್ ಮೇಲೆ ಕುಳಿತು ಸ್ನಾನ ಮಾಡಿ.

ಪಾಟ್ಸ್ ಇರುವವರಿಗೆ ವೈದ್ಯರು ಹೆಚ್ಚು ನೀರು, ಹೆಚ್ಚು ಉಪ್ಪು ಹೇಳುವುದುಂಟು. ಇದನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ನೋಡಿ ಮಾಡಬೇಡಿ. ಬಿಪಿ, ಕಿಡ್ನಿ ತೊಂದರೆ, ಹೃದಯ ದೌರ್ಬಲ್ಯ ಇರುವವರಿಗೆ ಹೆಚ್ಚು ಉಪ್ಪು ಅಪಾಯ.

ಫೋನ್ ಮೂಲಕ ಏನು ಸಾಧ್ಯ, ಏನು ಅಸಾಧ್ಯ?

ಎರಡು ಬಸ್ ಬದಲಿಸಿ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದೇ ಇಂತಹವರಿಗೆ ವಾರದ ಶಕ್ತಿಯನ್ನು ಹೀರಿಬಿಡುತ್ತದೆ. ಆದ್ದರಿಂದ ಮೊದಲ ತಪಾಸಣೆಯ ನಂತರದ ಭೇಟಿಗಳಿಗೆ ಫೋನ್ ಒಳ್ಳೆಯ ದಾರಿ. ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ ವೈದ್ಯರ ಜೊತೆ ಉಚಿತವಾಗಿ ವಿಡಿಯೋ ಸಮಾಲೋಚನೆ ಮಾಡಬಹುದು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ಹೀಗೆ ಚಿಕಿತ್ಸೆ ಕೊಡಬಹುದು, ಔಷಧ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಸಂಖ್ಯೆ ಹೇಳದೆ "ಹೃದಯ ಶುದ್ಧಿ ಪ್ಯಾಕೇಜ್" ಮಾರುವವರಿಗೆ ಹಣ ಕಳಿಸಬೇಡಿ.

ಕರೆಗೆ ಮೊದಲು ಇವು ಕೈಯಲ್ಲಿರಲಿ: ಬೆಳಿಗ್ಗೆ ಏಳುವ ಮುನ್ನ ಮತ್ತು ಎದ್ದು ನಿಂತ ಮೇಲಿನ ನಾಡಿ, ಬಿಪಿ, ಹಿಂದಿನ ವಾರ ಮಾಡಿದ ಕೆಲಸ ಮತ್ತು ಮರುದಿನದ ಸ್ಥಿತಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಹಳೆಯ ಇಸಿಜಿ ಮತ್ತು ರಕ್ತಪರೀಕ್ಷೆಯ ಫೋಟೋ.

ಸಾಧನಗಳ ಮಿತಿಯೂ ತಿಳಿದಿರಲಿ. ಆಕ್ಸಿಮೀಟರ್‌ನಲ್ಲಿ 98 ಬಂದರೆ ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದೆ ಎಂದಷ್ಟೇ ಅರ್ಥ, ಹೃದಯ ಸರಿ ಇದೆ ಎಂದಲ್ಲ. ಬೆರಳು ತಣ್ಣಗಿದ್ದರೆ, ನೈಲ್ ಪಾಲಿಶ್ ಇದ್ದರೆ ಅದರ ಲೆಕ್ಕ ತಪ್ಪಬಹುದು. ಕೆಲವು ಸ್ಮಾರ್ಟ್ ವಾಚ್‌ಗಳ ಇಸಿಜಿ ಲಯ ತಪ್ಪಿದ ಬಡಿತವನ್ನು ಗುರುತಿಸಬಲ್ಲದು, ಆದರೆ ಹೃದಯಾಘಾತವನ್ನು ಪತ್ತೆ ಮಾಡಲಾರದು. ವಾಚ್ ಸುಮ್ಮನಿದೆ ಎಂದು ಎದೆನೋವನ್ನು ಕಡೆಗಣಿಸಬೇಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ನಿಮ್ಮ ಗುಂಪಿನಲ್ಲಿ ಆ ಎರಡು ಸಂದೇಶಗಳಲ್ಲಿ ಯಾವುದಾದರೂ ಬಂದರೆ, ಅದರ ಕೆಳಗೆ ಈ ಮೂರು ಸಾಲು ಹಾಕಿ:

"ಜ್ವರ ಬಿಟ್ಟ ಮೇಲೂ ಎದೆ ಡವಡವ, ಏದುಸಿರು ಇದ್ದರೆ ಒಮ್ಮೆ ನೇರವಾಗಿ ವೈದ್ಯರಿಗೆ ತೋರಿಸಿ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ 108.
ಅಪಾಯವಿಲ್ಲ ಎಂದ ಮೇಲೆ 5 ನಿಮಿಷದಿಂದ ಶುರುಮಾಡಿ, ಎರಡು ದಿನ ನೋಡಿ, ಆಮೇಲೆ ಹೆಚ್ಚಿಸಿ.
ಮರುದಿನ ಕುಸಿಯುವವರನ್ನು ಓಡಲು ಒತ್ತಾಯಿಸಬೇಡಿ, ಸೋಮಾರಿ ಎನ್ನಬೇಡಿ."